ತೋಳಿನ ಕ್ಯಾಲೆಂಡರ್

ಆಸ್ಪತ್ರೆಯ ಹಿಂಭಾಗದಲ್ಲಿ, ಬಟ್ಟೆ ಒಗೆಯುವ ಕೋಣೆಗೂ ಆಕ್ಸಿಜನ್ ಸಿಲಿಂಡರ್ ಪೇರಿಸಿಡುವ ಕೋಣೆಗೂ ನಡುವೆ, ಯಕೃತ್ತಿನ ವಿಭಾಗದವರು ರಕ್ತ ತೆಗೆಯುವ ಕಿಟಕಿ ಇತ್ತು. ಹೊರಗಿನಿಂದ ನೋಡಿದರೆ ಟಿಕೆಟ್ ಕೊಡುವ ಜಾಗದ ಹಾಗೆ ಕಾಣುತ್ತಿತ್ತು. ಒಳಗೆ ಒಂದು ಮೇಜು, ಒಂದು ಸ್ಟೂಲು, ಹೊರಗಿನವರು ತೋಳು ಚಾಚಿ ಇಡಲು ರೆಕ್ಸಿನ್ ಹೊದಿಸಿದ ಚಿಕ್ಕ ದಿಂಬು. ಹದಿನೇಳು ವರ್ಷಗಳಲ್ಲಿ ಆ ದಿಂಬಿನ ಮೇಲೆ ಎಷ್ಟು ತೋಳು ಬಂದು ಹೋದವೆಂದು ಆಸ್ಪತ್ರೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ, ಕಿಟಕಿಯೊಳಗೆ ಕೂತ ಹೆಂಗಸೊಬ್ಬಳನ್ನು ಬಿಟ್ಟು. ಅವಳು ಪ್ರತಿಯೊಂದನ್ನೂ ರಿಜಿಸ್ಟರಿನಲ್ಲಿ ಬರೆಯುತ್ತಿದ್ದಳು.

ಅವಳನ್ನು ಎಲ್ಲರೂ ಕ್ಯಾಲೆಂಡರಕ್ಕ ಎನ್ನುತ್ತಿದ್ದರು. ಸೂಜಿಯ ಗುರುತು ನೋಡಿಯೇ ಚುಚ್ಚಿಕೊಂಡ ದಿನ ಹೇಳುತ್ತಿದ್ದಳು. ಕೆಂಪು ಚುಕ್ಕೆಯ ಸುತ್ತ ಸಣ್ಣ ಊತವಿದ್ದರೆ ನಿನ್ನೆ. ನೀಲಿಗಟ್ಟಿದ್ದರೆ ಮೂರು ದಿನ. ನೀಲಿಯ ಅಂಚು ಹಸಿರಾಗಿದ್ದರೆ ವಾರ. ಹಸಿರೂ ಹೋಗಿ ಹಳದಿ ಉಳಿದಿದ್ದರೆ ಹತ್ತು ದಿನ. ಆಮೇಲಿನದು ಕಂದು ಗೆರೆ, ಅದು ತಿಂಗಳ ಮಾತು. ಒಮ್ಮೆ ಒಬ್ಬನ ತೋಳು ನೋಡಿ "ಮಂಗಳವಾರ" ಎಂದಳಂತೆ. ಅವನು ಸಿಟ್ಟಿಗೆದ್ದು, "ಸುಮ್ನೆ ಬಾಯಿಗೆ ಬಂದದ್ದು ಹೇಳ್ಬೇಡಿ ಅಕ್ಕ, ಬುಧವಾರ!" ಎಂದು ತಾನೇ ಒಪ್ಪಿಕೊಂಡ. ಸಾಲಿಗೆ ಸಾಲೇ ನಕ್ಕಿತ್ತು. ಅವಳೂ ನಕ್ಕು, ಮುದ್ರೆ ಒತ್ತಿದ್ದಳು.

ಆ ಮುದ್ರೆಯ ವಿಷಯ ಹೇಳಬೇಕು. ಅಲ್ಲಿಗೆ ಬರುವವರಲ್ಲಿ ಹೆಚ್ಚಿನವರು ಅಮಲಿನ ಮದ್ದನ್ನು ಸೂಜಿಯಲ್ಲಿ ಏರಿಸಿಕೊಳ್ಳುವವರು. ಒಬ್ಬರ ರಕ್ತ ಇನ್ನೊಬ್ಬರಿಗೆ ತಗುಲಿ ಹೆಪಟೈಟಿಸ್ ಸಿ ಹಬ್ಬುತ್ತದೆ. ಅದು ಗದ್ದಲ ಮಾಡುವ ಕಾಯಿಲೆಯಲ್ಲ, ಗೆದ್ದಲಿನ ಜಾತಿ. ವರ್ಷಗಟ್ಟಲೆ ಬಾಗಿಲು ಬಾಗಿಲಾಗಿಯೇ ಕಾಣುತ್ತದೆ. ಒಂದು ದಿನ ಕೈಯಿಟ್ಟರೆ ಒಳಗೆ ಮರವೇ ಇರುವುದಿಲ್ಲ. ಮೊದಲ ಪರೀಕ್ಷೆಗೆ ಬೆರಳ ತುದಿಯ ಒಂದು ಹನಿ ಸಾಕು. ಆದರೆ ವೈರಸ್ ಎಂದಾದರೂ ಒಳಗೆ ಬಂದಿತ್ತೇ ಎಂದಷ್ಟೇ ಅದು ಹೇಳುತ್ತದೆ. ಈಗಲೂ ಇದೆಯೇ ಎಂದು ತಿಳಿಯಲು ಎರಡನೆಯ ಪರೀಕ್ಷೆ ಬೇಕು, ಅದಕ್ಕೆ ಒಂದು ನಳಿಕೆ ರಕ್ತ ಬೇಕು. ಇದ್ದರೆ ದಿನಕ್ಕೊಂದು ಮಾತ್ರೆ, ಹನ್ನೆರಡು ವಾರ. ನೂರಕ್ಕೆ ತೊಂಬತ್ತೈದು ಜನ ಪೂರ್ತಿ ವಾಸಿಯಾಗುತ್ತಾರೆ.

ಮೊದಲನೆಯ ಮತ್ತು ಎರಡನೆಯ ಪರೀಕ್ಷೆಯ ನಡುವೆ ಕ್ಯಾಲೆಂಡರಕ್ಕ ಕೂತಿದ್ದಳು. ತೋಳಿನಲ್ಲಿ ಹೊಸ ಗುರುತು ಕಂಡರೆ ಚೀಟಿಯ ಮೇಲೆ ನೇರಳೆ ಶಾಯಿಯ ಮುದ್ರೆ ಬೀಳುತ್ತಿತ್ತು: 'ಬಿಟ್ಟು ಆರು ತಿಂಗಳಾದ ಮೇಲೆ ಬನ್ನಿ.' ನಿವೃತ್ತರಾಗಿ ಹೋದ ದೊಡ್ಡ ಡಾಕ್ಟರು ಮಾಡಿಸಿಟ್ಟ ಮುದ್ರೆ ಅದು. "ಚುಚ್ಕೊಳ್ಳೋದನ್ನ ಬಿಡದೆ ಇರೋರಿಗೆ ಈ ಮಾತ್ರೆ ಕೊಡೋದು ತೂತು ಮಡಕೆಗೆ ನೀರು ಹೊಯ್ದ ಹಾಗಮ್ಮ. ಮತ್ತೆ ಅಂಟಿಸ್ಕೊಂಡು ಬರ್ತಾರೆ," ಎಂದಿದ್ದರು. ಅವಳಿಗೆ ಅದು ಸರಿಯಾಗಿಯೇ ಕಂಡಿತ್ತು. ಮಾತು ಯಾರು ಬೇಕಾದರೂ ಆಡಬಹುದು, ಗುರುತು ಸುಳ್ಳು ಹೇಳುವುದಿಲ್ಲ ಎಂಬುದು ಅವಳ ನಂಬಿಕೆ.

ವರ್ಷದಿಂದ ವರ್ಷಕ್ಕೆ ಹೊಸ ಗುರುತುಗಳು ಕಡಿಮೆಯಾಗುತ್ತ ಬಂದವು. ರಿಜಿಸ್ಟರ್ ತಿರುವಿದರೆ ಕಣ್ಣಿಗೆ ಕಟ್ಟುವಂತಿತ್ತು: ಮೊದಲೆಲ್ಲ ಹತ್ತು ಜನರಲ್ಲಿ ಆರು ಮುದ್ರೆ, ಆಮೇಲೆ ನಾಲ್ಕು, ಈಚೆಗೆ ಎರಡು. ವಾರ್ಷಿಕ ಸಭೆಯಲ್ಲಿ ಅವಳಿಗೊಂದು ಗೋಡೆ ಗಡಿಯಾರ ಕೊಟ್ಟರು. ಅದೇ ದಿನಗಳಲ್ಲಿ ಕಿಟಕಿಯ ಮುಂದೆ ಬೇರೊಂದು ಬದಲಾವಣೆಯೂ ಆಗುತ್ತಿತ್ತು. ಸಾಲಿನಲ್ಲಿ ನಿಲ್ಲುವವರು ಒಂದು ಕಾಲಿನ ಮೇಲೆ ಭಾರ ಹಾಕಿ ನಿಲ್ಲತೊಡಗಿದ್ದರು. ಗೋಡೆಗೆ ಒರಗುವವರು ಹೆಚ್ಚಾದರು. ಪಕ್ಕದ ಡ್ರೆಸ್ಸಿಂಗ್ ಕೋಣೆಯ ಸಿಸ್ಟರ್, "ಏನೇ ಇದು, ಈ ವರ್ಷ ಬರೋರೆಲ್ಲ ಕುಂಟರೇ!" ಎಂದು ಗೊಣಗುತ್ತಿದ್ದಳು. ತೋಳುಗಳು ತಿಳಿಯಾಗುತ್ತಿದ್ದವು, ಕಣ್ಣುಗಳು ಹಳದಿಯಾಗುತ್ತಿದ್ದವು. ಕ್ಯಾಲೆಂಡರಕ್ಕ ಎರಡನ್ನೂ ನೋಡಿದಳು. ಎರಡನ್ನೂ ಜೋಡಿಸಲಿಲ್ಲ. ಅವಳ ರಿಜಿಸ್ಟರಿನಲ್ಲಿ ಕಾಲಿಗೆ ಕಾಲಂ ಇರಲಿಲ್ಲ.

*

ಅವಳ ಗಂಡ ಹೊಲಿಗೆ ಯಂತ್ರ ರಿಪೇರಿ ಮಾಡುವವನು. ಮನೆಯ ಮುಂದಿನ ಕೋಣೆಯೇ ಅಂಗಡಿ. ಎಣ್ಣೆಯ ವಾಸನೆ ಅಡುಗೆಮನೆಯವರೆಗೂ ಬರುತ್ತಿತ್ತು. ಮಕ್ಕಳಿಲ್ಲ. ಇದ್ದವನು ಒಬ್ಬ ತಮ್ಮ, ಅವಳಿಗಿಂತ ಹದಿನಾಲ್ಕು ವರ್ಷ ಚಿಕ್ಕವನು. ತಾಯಿ ತೀರಿಕೊಂಡಾಗ ಅವನಿಗೆ ಒಂಬತ್ತು. ಅವಳು ಮದುವೆಯಾಗಿ ಬಂದಾಗ ಒಂದು ಕೈಯಲ್ಲಿ ಪೆಟ್ಟಿಗೆ, ಇನ್ನೊಂದು ಕೈಯಲ್ಲಿ ತಮ್ಮ. "ನನಗೆ ಹೆಂಡತಿ ಜೊತೆ ರೆಡಿಮೇಡ್ ಮಗನೂ ಸಿಕ್ಕ," ಎಂದು ಗಂಡ ಈಗಲೂ ಹೇಳುತ್ತಿದ್ದ.

ತಮ್ಮ ಲಿಫ್ಟ್ ಮೆಕ್ಯಾನಿಕ್ ಆದ. ಆರು ವರ್ಷದ ಕೆಳಗೆ ಒಂದು ಕಟ್ಟಡದ ಲಿಫ್ಟ್ ಗುಂಡಿಗೆ ಬಿದ್ದು ಬೆನ್ನು ಮುರಿದುಕೊಂಡ. ನೋವಿಗೆಂದು ಕೊಟ್ಟ ಸೂಜಿಮದ್ದು ನೋವು ಹೋದ ಮೇಲೂ ಬೇಕಾಯಿತು. ಆಸ್ಪತ್ರೆ ಕೊಡುವುದನ್ನು ನಿಲ್ಲಿಸಿದ ಮೇಲೆ ಹೊರಗೆ ಸಿಗುವುದನ್ನು ಹುಡುಕಿಕೊಂಡ. ಮನೆ ಬಿಟ್ಟು ಬೇರೆ ಕೋಣೆ ಮಾಡಿದ. ಭಾವ ಒಮ್ಮೆ, "ನಮ್ಮ ಮನೇಲಿ ಮೂರು ಜನಕ್ಕೂ ಸೂಜಿಯದೇ ಬದುಕು," ಎಂದು ತಮಾಷೆ ಮಾಡಲು ಹೋದ. ಯಾರೂ ನಗಲಿಲ್ಲ. ಆ ಮಾತು ಮತ್ತೆ ಬರಲಿಲ್ಲ.

ಒಂದು ಸೋಮವಾರ ಬೆಳಗ್ಗೆ ಕಿಟಕಿಯ ದಿಂಬಿನ ಮೇಲೆ ಬಂದ ತೋಳನ್ನು ಅವಳು ಮುಖ ನೋಡುವ ಮೊದಲೇ ಗುರುತಿಸಿದಳು. ಮೊಣಕೈಯ ಕೆಳಗೆ, ಚಿಕ್ಕಂದಿನಲ್ಲಿ ಇಸ್ತ್ರಿಪೆಟ್ಟಿಗೆ ತಗುಲಿದ ತ್ರಿಕೋನ ಕಲೆ. ಅದಕ್ಕೆ ಬೆಣ್ಣೆ ಹಚ್ಚಿದವಳು ಅವಳೇ. ಕಲೆಯ ಮೇಲುಗಡೆ ಒಂದು ನೀಲಿ ಚುಕ್ಕೆ.

"ಮೊದಲನೇ ಟೆಸ್ಟು ಪಾಸಿಟಿವ್ ಬಂತು ಅಕ್ಕ," ಎಂದ ತಮ್ಮ, ಕಿಟಕಿಗೆ ಬಾಯಿ ಹತ್ತಿರ ತಂದು. "ಎರಡನೇದಕ್ಕೆ ರಕ್ತ ತಗೋ."

"ಶುಕ್ರವಾರ," ಎಂದಳು ಅವಳು.

ಅವನು ಆ ಚುಕ್ಕೆಯ ಮೇಲೆ ಬೆರಳಿಟ್ಟ.

"ಹೌದೋ ಅಲ್ವೋ?"

"ಹೌದು. ಆದ್ರೆ ಬಂದಿದ್ದೀನಲ್ಲ. ಬಂದೋನಿಗೆ ಏನಾದ್ರೂ ಮಾಡ್ಬೇಕಲ್ವಾ?"

ಅವನ ಹಿಂದೆ ಹನ್ನೊಂದು ಜನ ನಿಂತಿದ್ದರು. ಆ ಸಾಲಿನ ಮೇಲೆ ಅವಳಿಗೊಂದು ಗೌರವವಿತ್ತು. ತಮ್ಮನಾದರೇನು, ಅಣ್ಣನಾದರೇನು, ಸಾಲು ಸಾಲೇ. ಸ್ವಂತದವನಿಗೆ ಒಂದು ನ್ಯಾಯ, ಪರರಿಗೆ ಒಂದು ನ್ಯಾಯ ಎಂದರೆ ನಾಳೆ ಈ ಸ್ಟೂಲಿನ ಮೇಲೆ ಯಾವ ಮುಖ ಇಟ್ಟುಕೊಂಡು ಕೂರುವುದು? ಮುದ್ರೆಯನ್ನು ಶಾಯಿಪ್ಯಾಡಿಗೆ ಒತ್ತಿದಳು, ಚೀಟಿಗೆ ಒತ್ತಿದಳು.

"ಆರು ತಿಂಗಳು ಬಿಟ್ಟು ತೋರಿಸು ಪುಟ್ಟ. ನಿನ್ನ ಕೈಲಾಗುತ್ತೆ."

ಅವನು ಚೀಟಿ ಮಡಚಿ ಜೇಬಿಗಿಟ್ಟುಕೊಂಡು, "ಆಯ್ತು ಕಣಕ್ಕ," ಎಂದ. ಸಿಟ್ಟಿರಲಿಲ್ಲ. ಸಿಟ್ಟು ಮಾಡಿಕೊಂಡಿದ್ದರೆ ಚೆನ್ನಾಗಿತ್ತೆಂದು ಅವಳಿಗೆ ಆಮೇಲೆ ಅನ್ನಿಸಿತು.

ಅವನ ಹಿಂದೆ ನಿಂತಿದ್ದವನು ಹೋಟೆಲ್ ಅಡುಗೆಯವನು. ತೋಳಿಡೀ ಚುಕ್ಕೆಗಳು. "ಎಣ್ಣೆ ಸಿಡಿದದ್ದು ಅಕ್ಕ, ಬಾಣಲೆ ಮುಂದೆ ನಿಂತ್ರೆ ಇದೆಲ್ಲ ಇದ್ದಿದ್ದೇ," ಎಂದ. ಎಣ್ಣೆಯ ಚುಕ್ಕೆಗೂ ಸೂಜಿಯ ಚುಕ್ಕೆಗೂ ವ್ಯತ್ಯಾಸ ಅವಳಿಗೆ ಗೊತ್ತಿಲ್ಲವೇ? ಇಪ್ಪತ್ತು ಎಣ್ಣೆಯವು, ಎರಡು ಸೂಜಿಯವು. ಅವನ ಚೀಟಿಗೂ ಮುದ್ರೆ ಬಿತ್ತು. "ನಿಮ್ಮ ಕಣ್ಣಿಗೆ ದೃಷ್ಟಿ ತಗುಲ್ಲಿ ಬಿಡಿ," ಎಂದು ನಗುತ್ತಲೇ ಹೋದ.

*

ತಮ್ಮ ಏಳನೆಯ ತಿಂಗಳಲ್ಲಿ ಬಂದ. ದಿಂಬಿನ ಮೇಲೆ ಎರಡೂ ತೋಳು ಒಟ್ಟಿಗೆ ಇಟ್ಟ, ಪರೀಕ್ಷೆಯಲ್ಲಿ ಪಾಸಾದ ಹುಡುಗನ ಹಾಗೆ. ಅವಳು ದೀಪ ಹತ್ತಿರ ತಂದಳು. ಮಣಿಕಟ್ಟು, ಮೊಣಕೈ, ಬೆರಳ ಸಂದುಗಳು, ಎಲ್ಲ ನೋಡಿದಳು. ಎಲ್ಲ ಹಳೆಯ ಕಂದು ಗೆರೆ. ಒಂದೇ ಒಂದು ಹೊಸ ಚುಕ್ಕೆ ಇಲ್ಲ.

"ಬಿಟ್ಟಿದ್ದೀಯ?"

"ಬಿಟ್ಟಿದ್ದೀನಿ ಅಕ್ಕ."

ಅವಳ ಕಣ್ಣು ಮಂಜಾದದ್ದು ಹದಿನೇಳು ವರ್ಷದಲ್ಲಿ ಆ ಕಿಟಕಿಯಲ್ಲಿ ಅದೇ ಮೊದಲು. ರಕ್ತನಾಳ ಮಾತ್ರ ಸಿಗಲಿಲ್ಲ. ಒಳಗೆ ಎಲ್ಲ ತಂತಿಯಂತೆ ಗಟ್ಟಿಯಾಗಿದ್ದವು. ಕೊನೆಗೆ ಅಂಗೈಯ ಹಿಂಬದಿಯಲ್ಲಿ ಮಕ್ಕಳಿಗೆ ಬಳಸುವ ಸಣ್ಣ ಸೂಜಿ ಹಾಕಿ ನಳಿಕೆ ತುಂಬಿಸಿದಳು. ರಕ್ತ ನಿಧಾನವಾಗಿ ಬಂತು. ಆ ಹೊತ್ತಿನಲ್ಲಿ ಅವನು ನಿಂತ ರೀತಿ ಕಣ್ಣಿಗೆ ಬಿತ್ತು: ಎಡಗಾಲು ನೆಲಕ್ಕೆ ತಾಗಿಯೂ ತಾಗದ ಹಾಗೆ.

"ಕಾಲಿಗೇನಾಯ್ತೋ?"

"ಹಳೇ ಬೆನ್ನು ನೋವು. ಕಾಲಿಗಿಳಿದಿದೆ."

ಆ ಭಾನುವಾರ ಅವನು ಊಟಕ್ಕೆ ಬಂದ. ಮನೆಗೆ ಮೂರು ಮೆಟ್ಟಿಲು. ಅವನು ಒಂದೊಂದು ಮೆಟ್ಟಿಲಿಗೂ ಎರಡೂ ಕಾಲು ಸೇರಿಸಿ ಹತ್ತಿದ. "ಲಿಫ್ಟ್ ರಿಪೇರಿಯವನಿಗೆ ಮೆಟ್ಟಿಲು ಕಷ್ಟ," ಎಂದ ಭಾವ. ಈ ಸಲ ಎಲ್ಲರೂ ನಕ್ಕರು. ಅವನು ಎರಡನೇ ಸಲ ಅನ್ನ ಹಾಕಿಸಿಕೊಳ್ಳಲಿಲ್ಲ. ಪ್ಯಾಂಟಿನ ಎಡಗಾಲು ಬಿಗಿಯಾಗಿತ್ತು, ಬಲಗಾಲು ಸಡಿಲವಾಗಿತ್ತು. ಒಂದೇ ಪ್ಯಾಂಟು. ಕ್ಯಾಲೆಂಡರಕ್ಕ ಅದನ್ನು ನೋಡಿದಳು. ನೋಡಿ, ಮಜ್ಜಿಗೆ ತರಲು ಒಳಗೆ ಹೋದಳು.

ಮೂರು ವಾರಕ್ಕೆ ವರದಿ ಬಂತು. ವೈರಸ್ ಇತ್ತು, ಲಕ್ಷಗಳ ಲೆಕ್ಕದಲ್ಲಿತ್ತು. ಯಕೃತ್ತು ಎಷ್ಟು ಗಟ್ಟಿಯಾಗಿದೆ ಎಂದು ಅಳೆಯುವ ಯಂತ್ರದ ಕೆಳಗೆ ಅವನನ್ನು ಮಲಗಿಸಿದರು. ಆ ಅಳತೆ ಏಳರೊಳಗಿದ್ದರೆ ಒಳ್ಳೆಯದು. ಹನ್ನೆರಡು ದಾಟಿದರೆ ಮೆದು ಮಾಂಸ ಒಣ ಮರವಾಗುತ್ತಿದೆ ಎಂದರ್ಥ. ಪರದೆಯ ಮೇಲೆ ಇಪ್ಪತ್ತೆಂಟು ಎಂದು ಬಂತು. ಯಂತ್ರ ಕೆಟ್ಟಿರಬೇಕೆಂದು ಅವಳು ಇನ್ನೊಮ್ಮೆ ಮಾಡಿಸಿದಳು. ಇಪ್ಪತ್ತೆಂಟೂವರೆ.

*

ಅಂಥ ದಿನದ ಮಾರನೆಯ ಬೆಳಗ್ಗೆಯೇ ಡಬ್ಬಿಯಮ್ಮ ಜಗಳಕ್ಕೆ ಬಂದಳು.

ಡಬ್ಬಿಯಮ್ಮ ಬೀದಿಯಲ್ಲಿ ಹೊಸ ಸೂಜಿ ಹಂಚಿ ಹಳೆಯದನ್ನು ವಾಪಸ್ ತೆಗೆದುಕೊಳ್ಳುವ ಸಂಸ್ಥೆಯವಳು. ಹೆಗಲಿಗೆ ಯಾವಾಗಲೂ ಒಂದು ಹಳದಿ ಡಬ್ಬಿ. ಅದರ ಬಾಯಿ ಹೇಗಿತ್ತೆಂದರೆ ಸೂಜಿ ಒಳಗೆ ಬೀಳುತ್ತದೆ, ಹೊರಗೆ ಬರುವುದಿಲ್ಲ. ಅವಳೂ ಹಿಂದೆ ಚುಚ್ಚಿಕೊಳ್ಳುತ್ತಿದ್ದವಳೇ, ಅದನ್ನು ಮುಚ್ಚಿಡುತ್ತಿರಲಿಲ್ಲ. ಆ ದಿನ ಅವಳು ಕರೆತಂದ ಒಬ್ಬ ಮುದುಕನಿಗೆ ಮುದ್ರೆ ಬಿದ್ದಿತ್ತು.

"ಏನ್ರೀ ಕ್ಯಾಲೆಂಡರಕ್ಕ, ಈ ಅಜ್ಜನಿಗೆ ಆರು ತಿಂಗಳು ಇದೆಯಾ ಅಂತ ಅಲ್ಲಿ ಬರ್ದಿದೆಯಾ ನಿಮ್ಮ ಕ್ಯಾಲೆಂಡರಲ್ಲಿ?"

"ನಿಯಮ ಅಮ್ಮ. ಗುರುತಿದೆ, ನೋಡಿ."

"ಈ ಅಜ್ಜ ಪಾಪ ಪೆದ್ದ, ಅದಕ್ಕೇ ಇದೆ. ಬುದ್ಧಿ ಇರೋರು ಯಾರೂ ಈಗ ತೋಳಿಗೆ ಹಾಕಲ್ಲ."

"ಅಂದ್ರೆ?"

ಡಬ್ಬಿಯಮ್ಮ ಕಿಟಕಿಯೊಳಗೆ ತಲೆ ಹಾಕಿದಳು. ದನಿ ತಗ್ಗಿತು.

"ನಿಜವಾಗ್ಲೂ ಗೊತ್ತಿಲ್ವಾ ನಿಮಗೆ? ನೀವು ತೋಳು ನೋಡ್ತೀರಿ ಅಂತ ಜನ ತೋಳು ಬಿಟ್ಟಿದ್ದಾರೆ ತಾಯಿ. ಚಟ ಬಿಟ್ಟಿಲ್ಲ, ತೋಳು ಬಿಟ್ಟಿದ್ದಾರೆ. ತೊಡೆ ಸಂದಿಗೆ ಹಾಕ್ಕೋತಾರೆ. ಅಲ್ಲಿ ನೀವು ನೋಡಲ್ಲ, ಯಾರೂ ನೋಡಲ್ಲ. ಅಲ್ಲಿರೋದು ದೊಡ್ಡ ನಾಳ, ಪಕ್ಕದಲ್ಲೇ ರಕ್ತ ಚಿಮ್ಮೋ ಇನ್ನೊಂದು. ತಪ್ಪಿದ್ರೆ ಕಾಲು ಹೋಗುತ್ತೆ, ಇಲ್ಲ ಆಳೇ ಹೋಗ್ತಾನೆ. ಪಕ್ಕದ ಡ್ರೆಸ್ಸಿಂಗ್ ರೂಮಲ್ಲಿ ಕುಂಟ್ಕೊಂಡು ಕೂತಿದ್ದಾರಲ್ಲ, ಅವರನ್ನ ಯಾವ ಬಸ್ಸು ತಂದು ಇಳಿಸ್ತು ಅನ್ಕೊಂಡಿದ್ರಿ?"

ಹದಿನೇಳು ವರ್ಷದ ರಿಜಿಸ್ಟರ್ ಮೇಜಿನ ಮೇಲೆ ತೆರೆದುಕೊಂಡಿತ್ತು. ಆರು, ನಾಲ್ಕು, ಎರಡು. ಗೋಡೆಯ ಮೇಲೆ ಬಹುಮಾನದ ಗಡಿಯಾರ ಟಿಕ್ ಟಿಕ್ ಎನ್ನುತ್ತಿತ್ತು. ಕ್ಯಾಲೆಂಡರಕ್ಕನಿಗೆ ಒಂದು ಪ್ಯಾಂಟಿನ ಎರಡು ಕಾಲುಗಳು ಕಣ್ಣ ಮುಂದೆ ಬಂದವು. ಅವಳು ಕಿಟಕಿ ಮುಚ್ಚಿದಳು. ಸಾಲಿನವರು ಕೂಗಿದರೂ ತೆರೆಯಲಿಲ್ಲ.

*

ತಮ್ಮನ ಕೋಣೆ ಸೈಕಲ್ ಅಂಗಡಿಯ ಮೇಲಿತ್ತು. ಬಾಗಿಲು ತೆಗೆಯಲು ಅವನಿಗೆ ತುಂಬ ಹೊತ್ತು ಹಿಡಿಯಿತು. ಒಳಗೆ ಎಲ್ಲ ಓರಣವಾಗಿತ್ತು: ಸ್ಪ್ಯಾನರ್‌ಗಳು ಅಳತೆಯ ಕ್ರಮದಲ್ಲಿ, ಮಡಚಿದ ಬಟ್ಟೆ, ಕಿಟಕಿಯಲ್ಲಿ ಒಂದು ಚಮಚ. ಅವಳು ಕೂರಲಿಲ್ಲ.

"ಬಿಟ್ಟಿದ್ದೀನಿ ಅಂದೆ."

"ಅಂದೆ."

"ನನ್ನ ಮುಖ ನೋಡ್ಕೊಂಡು ಸುಳ್ಳು ಹೇಳಿದೆ."

"ಸುಳ್ಳು ಹೇಳ್ಲಿಲ್ಲ ಅಕ್ಕ." ಅವನು ಹಾಸಿಗೆಯ ಅಂಚಿನಲ್ಲಿ ಎಡಗಾಲು ಚಾಚಿ ಕೂತ. "ನೀನು ತೋಳು ನೋಡ್ತಾ ಬಿಟ್ಟಿದ್ದೀಯಾ ಅಂದೆ. ತೋಳು ಬಿಟ್ಟಿದ್ದೆ. ಏನನ್ನ ಬಿಟ್ಟಿದ್ದೀಯ ಅಂತ ನೀನು ಕೇಳ್ಲಿಲ್ಲ."

"ಯಾವಾಗಿನಿಂದ?"

"ನೀನು ಮುದ್ರೆ ಒತ್ತಿದ ವಾರದಿಂದ." ಎಡಗಾಲನ್ನು ಸ್ವಲ್ಪ ಸರಿಸಿಕೊಂಡ. "ಬಿಡೋಕೂ ನೋಡಿದೆ ಅಕ್ಕ. ಹದಿನೈದು ದಿನ ಒಂದ್ಸಲ, ಒಂದು ತಿಂಗಳು ಒಂದ್ಸಲ. ಆಗಲಿಲ್ಲ. ಆಗಲಿಲ್ಲ ಅಂತ ನಿನ್ನ ಕಿಟಕಿ ಹತ್ರ ಬಂದು ಹೇಳಿದ್ರೆ ಇನ್ನೊಂದು ಮುದ್ರೆ. ಅದಕ್ಕೇ ನಿನ್ನ ಕಣ್ಣಿಗೆ ಬೀಳದ ಜಾಗ ಹುಡುಕಿದೆ. ಅಕ್ಕ ತಮ್ಮನ ತೋಳು ನೋಡ್ತಾಳೆ. ಅಲ್ಲಿ ನೋಡ್ತಾಳಾ?"

ಅವಳು ತನ್ನ ಕೈ ನೋಡಿಕೊಂಡಳು. ಇಸ್ತ್ರಿಪೆಟ್ಟಿಗೆಯ ಕಲೆಗೆ ಬೆಣ್ಣೆ ಹಚ್ಚಿದ ಕೈ ಅದು. ಅವನಿಗೆ ಸ್ನಾನ ಮಾಡಿಸಿದ ಕೈ.

"ಬೇರೆಯವರ ಸೂಜಿ ತಗೊಂಡ್ಯಾ?"

"ಒಂದ್ಸಲಾನೂ ಇಲ್ಲ. ಡಬ್ಬಿಯಮ್ಮನ ಹತ್ರ ಹೊಸದು ಸಿಗುತ್ತೆ." ಅವನು ಕಿಟಕಿಯ ಕಡೆ ನೋಡಿದ. "ಚಮಚ ಮಾತ್ರ ಒಂದೇ. ಮೂರು ನಾಲ್ಕು ಜನ ಅದರಲ್ಲೇ ಮದ್ದು ಕಲಸ್ತೀವಿ."

ರೋಗ ಹಬ್ಬಲು ರಕ್ತ ಕಣ್ಣಿಗೆ ಕಾಣುವಷ್ಟು ಇರಬೇಕಾಗಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಏಳು ತಿಂಗಳು, ನಾಲ್ಕು ಜನ, ಒಂದು ಚಮಚ. ಮಾತ್ರೆ ಆಗಲೇ ಸಿಕ್ಕಿದ್ದರೆ ಆ ಚಮಚದಿಂದ ಯಾರಿಗೂ ಅವನ ರೋಗ ಅಂಟುತ್ತಿರಲಿಲ್ಲ. ತೂತು ಮಡಕೆ ಎಂದಿದ್ದರು ದೊಡ್ಡ ಡಾಕ್ಟರು. ತೂತು ಎಲ್ಲಿತ್ತೆಂದು ಅವಳಿಗೆ ಈಗ ಕಾಣತೊಡಗಿತು.

"ಪ್ಯಾಂಟು ಮಡಚು," ಎಂದಳು. ಎಡಗಾಲ ಮೀನಖಂಡ ಬಲಗಾಲಿನ ಒಂದೂವರೆಯಷ್ಟಿತ್ತು, ಬಿಸಿಯಿತ್ತು. ಒಂದೇ ಕಾಲು ಊದಿದರೆ ಒಳಗೆ ರಕ್ತ ಹೆಪ್ಪುಗಟ್ಟಿದೆ ಎಂದರ್ಥ. ಎರಡೂ ಊದಿದರೆ ಯಕೃತ್ತು ಕೈಬಿಟ್ಟಿತು ಎಂದು. ಅವಳು ಬಲಗಾಲನ್ನೂ ಮುಟ್ಟಿ ನೋಡಿದಳು. ಸಣ್ಣಗೆ, ತಣ್ಣಗೆ ಇತ್ತು. ಉಸಿರು ಬಿಟ್ಟಳು.

*

ಆ ದಿನವೇ ಹೆಪ್ಪಿಗೆ ಔಷಧಿ ಶುರುವಾಯಿತು. ಉಳಿದದ್ದು ಹನ್ನೆರಡು ವಾರದ ಮಾತ್ರೆ. ಅದಕ್ಕೆ ಅವಳು ಒಂದು ಅರ್ಜಿ ತುಂಬಬೇಕು. ಅದರಲ್ಲಿ ಒಂದು ಕಾಲಂ: 'ಬಿಟ್ಟು ಎಷ್ಟು ತಿಂಗಳು?' ಏಳು ಎಂದು ಬರೆದರೆ ಯಾರೂ ಕೇಳುವವರಿಲ್ಲ. ಅವಳು ಬರೆದದ್ದನ್ನು ಈವರೆಗೆ ಯಾರೂ ಎರಡನೇ ಸಲ ನೋಡಿರಲಿಲ್ಲ. ಪೆನ್ನು ಆ ಚೌಕದ ಮೇಲೆ ಒಂದು ನಿಮಿಷ ನಿಂತಿತು. ಏಳು ಎಂದರೆ ತಮ್ಮ ದಾಟುತ್ತಾನೆ. ಅಜ್ಜ ದಾಟುವುದಿಲ್ಲ, ಅಡುಗೆಯವನು ದಾಟುವುದಿಲ್ಲ, ಕಾಲಂ ಹಾಗೆಯೇ ಇರುತ್ತದೆ. ಅವಳು ಸೊನ್ನೆ ಬರೆದಳು. ಅರ್ಜಿ ಹಿಡಿದು ವಿಭಾಗಕ್ಕೆ ಹೊಸದಾಗಿ ಬಂದಿದ್ದ ಡಾಕ್ಟರಮ್ಮನ ಮುಂದೆ ನಿಂತಳು.

"ಸೊನ್ನೆ ಬರ್ದಿದ್ದೀನಿ ಮೇಡಂ. ಸುಳ್ಳು ಬರೆಯೋಕೆ ಆಗ್ಲಿಲ್ಲ. ಆದ್ರೂ ಇವನಿಗೆ ಮಾತ್ರೆ ಕೊಡ್ಬೇಕು. ನನ್ನ ತಮ್ಮ."

ಡಾಕ್ಟರಮ್ಮ ಅರ್ಜಿ ನೋಡಿ ಹುಬ್ಬೇರಿಸಿದಳು. "ಸೊನ್ನೆ ಆದ್ರೆ ಏನಂತೆ? ಈ ಕಾಲಂ ಯಾಕಿದೆ ಇನ್ನೂ?"

"ನಿಯಮ ಮೇಡಂ. ಆರು ತಿಂಗಳು..."

"ಯಾರ ನಿಯಮ? ಎಲ್ಲಿದೆ ತೋರಿಸಿ."

ಕ್ಯಾಲೆಂಡರಕ್ಕ ಸುತ್ತೋಲೆಗಳ ಫೈಲು ತಂದಳು. ಆಸ್ಪತ್ರೆಗೆ ಬರುವ ಪ್ರತಿ ಸುತ್ತೋಲೆಯೂ ವಿಭಾಗದಿಂದ ವಿಭಾಗಕ್ಕೆ ಸುತ್ತುತ್ತಿತ್ತು. ಓದಿದವರು ಅಂಚಿನಲ್ಲಿ ಸಹಿ ಹಾಕಬೇಕು. ಸುತ್ತುವುದು ಊಟದ ಹೊತ್ತಿನಲ್ಲಿ. ಆದ್ದರಿಂದ ಎಲ್ಲರೂ ಒಂದು ಕೈಯಲ್ಲಿ ಊಟ ಮಾಡುತ್ತ ಇನ್ನೊಂದು ಕೈಯಲ್ಲಿ ಸಹಿ ಹಾಕಿ ಮುಂದೆ ದಾಟಿಸುತ್ತಿದ್ದರು. ಆರು ತಿಂಗಳ ನಿಯಮ ಫೈಲಿನಲ್ಲಿ ಎಲ್ಲೂ ಸಿಗಲಿಲ್ಲ. ಅದು ಮುದ್ರೆಯಾಗಿ ಮಾತ್ರ ಇತ್ತು. ಸಿಕ್ಕಿದ್ದು ಬೇರೊಂದು ಹಾಳೆ, ಇಪ್ಪತ್ತಾರು ತಿಂಗಳ ಹಿಂದಿನದು. ಡಾಕ್ಟರಮ್ಮ ಗಟ್ಟಿಯಾಗಿ ಓದಿದಳು: ಸೂಜಿ ಬಳಸುತ್ತಿದ್ದಾರೆ ಎಂಬ ಕಾರಣಕ್ಕೆ ಯಾವ ರೋಗಿಗೂ ಪರೀಕ್ಷೆಯನ್ನಾಗಲಿ ಔಷಧಿಯನ್ನಾಗಲಿ ತಡೆಯಬಾರದು.

ಅಂಚಿನಲ್ಲಿ ಐದು ಸಹಿಗಳಿದ್ದವು. ಮೂರನೆಯದು ಅವಳದು. ಓರಣವಾದ ಸಹಿ, ಕೆಳಗೆ ತಾರೀಕು. ತಾರೀಕಿನ ಪಕ್ಕ ಸಾರಿನ ಒಂದು ಕಲೆ.

ಡಾಕ್ಟರಮ್ಮ ಏನೂ ಬೈಯಲಿಲ್ಲ. ಅರ್ಜಿಗೆ ಸಹಿ ಮಾಡಿ ಕೊಟ್ಟಳು. "ಮಾತ್ರೆ ಇವತ್ತೇ ತಗೊಳ್ಳಿ," ಎಂದಳು.

ಕ್ಯಾಲೆಂಡರಕ್ಕ ಬಾಗಿಲಲ್ಲಿ ತಿರುಗಿದಳು. "ಮೇಡಂ, ಇಪ್ಪತ್ತೆಂಟು ಬಂತಲ್ಲ. ಎಂಟು ತಿಂಗಳ ಹಿಂದೆ ಅಳೆದಿದ್ರೆ ಕಮ್ಮಿ ಇರ್ತಿತ್ತಾ?"

"ಅಳತೆ ಇಲ್ಲದೆ ಹೇಗೆ ಹೇಳ್ಲಿ? ಈ ಎಂಟು ತಿಂಗಳಲ್ಲೇ ಕೆಟ್ಟಿತು ಅಂತ ಹೇಳೋಕಾಗಲ್ಲ." ಡಾಕ್ಟರಮ್ಮ ಪೆನ್ನು ಮುಚ್ಚಿದಳು. "ಕೆಡಲಿಲ್ಲ ಅಂತಾನೂ ಹೇಳೋಕಾಗಲ್ಲ. ಮಾತ್ರೆ ವೈರಸ್ ಕೊಲ್ಲುತ್ತೆ. ಯಕೃತ್ತು ಅಷ್ಟರವರೆಗೆ ತಡೀಬೇಕು. ಅದೊಂದೇ ಈಗ."

*

ಮಾರನೆಯ ದಿನ ಡಬ್ಬಿಯಮ್ಮ ಅಜ್ಜನನ್ನು ಮತ್ತೆ ಕರೆತಂದಾಗ ಕಿಟಕಿಯ ಮೇಲೆ ಕೈಬರಹದ ಚೀಟಿಯೊಂದು ಅಂಟಿತ್ತು: 'ಬಿಟ್ಟವರೂ ಬಿಡದವರೂ ಬನ್ನಿ.' ಡಬ್ಬಿಯಮ್ಮ ಎರಡು ಸಲ ಓದಿದಳು. ಕ್ಯಾಲೆಂಡರಕ್ಕ ಇಪ್ಪತ್ತಾರು ತಿಂಗಳ ಹಿಂದಿನ ಸುತ್ತೋಲೆ ತೋರಿಸಿ, ಮುದ್ರೆಯನ್ನು ಅವಳ ಮುಂದೆ ಹಿಡಿದಳು. ಡಬ್ಬಿಯಮ್ಮ ಹೆಗಲಿನ ಹಳದಿ ಡಬ್ಬಿಯನ್ನು ಮುಂದಕ್ಕೆ ತಂದಳು. ಮುದ್ರೆ ಬಾಯಿಗೆ ಸ್ವಲ್ಪ ದಪ್ಪವಾಯಿತು; ಒತ್ತಿ ತುರುಕಬೇಕಾಯಿತು. ಒಳಗೆ ಸೂಜಿಗಳ ಮೇಲೆ ಬಿದ್ದ ಸದ್ದು ಕೇಳಿಸಿತು.

"ಇನ್ನು ತೆಗೆಯೋಕಾಗಲ್ಲ," ಎಂದಳು ಡಬ್ಬಿಯಮ್ಮ.

"ಬೇಡ."

"ಎಷ್ಟು ಜನಕ್ಕೆ ಒತ್ತಿದ್ರಿ, ಆ ಸುತ್ತೋಲೆ ಬಂದ ಮೇಲೆ?"

"ಇನ್ನೂರ ಹದಿನಾಲ್ಕು. ವಾಪಸ್ ಬಂದಿರೋರು ಮೂವತ್ತೊಂದು, ಈ ಅಜ್ಜನೂ ಸೇರಿ." ರಾತ್ರಿಯಿಡೀ ಎಣಿಸಿದ್ದ ಸಂಖ್ಯೆ, ಕೇಳಿದ ಕೂಡಲೇ ಬಂತು. "ನೂರ ಎಂಬತ್ತಮೂರು ಜನರನ್ನ ಹುಡುಕ್ಬೇಕು. ಫೋನ್ ನಂಬರ್ ಇರೋರಿಗೆ ನಾನು ಮಾಡ್ತೀನಿ. ಇಲ್ಲದೋರು ನಿಮಗೆ ಗೊತ್ತಿರ್ತಾರೆ."

"ಗೊತ್ತಿರೋರು ಗೊತ್ತಿರ್ತಾರೆ," ಎಂದಳು ಡಬ್ಬಿಯಮ್ಮ, ರಿಜಿಸ್ಟರಿನ ಪುಟಗಳನ್ನು ನೋಡುತ್ತ. ಒಂದೆರಡು ಹೆಸರುಗಳ ಮೇಲೆ ಅವಳ ಬೆರಳು ನಿಂತು, ಮುಂದೆ ಹೋಯಿತು.

ಅಂದಿನಿಂದ ಕೆಲಸ ಮುಗಿದ ಮೇಲೆ ಪ್ರತಿದಿನ ಒಂದು ಗಂಟೆ ಫೋನು. ಕೆಲವು ನಂಬರುಗಳು ಬೇರೆಯವರದಾಗಿದ್ದವು. ಕೆಲವರು ಬೈದರು. ಕೆಲವರು ಬಂದರು. ಅವಳು ಈಗ ತೋಳು ನೋಡುವುದು ನಾಳ ಹುಡುಕುವುದಕ್ಕೆ ಮಾತ್ರ. ಸಿಗದಿದ್ದರೆ, "ನೀವೇ ಹೇಳಿ, ಎಲ್ಲಿ ಸಿಗುತ್ತೆ?" ಎಂದು ಕೇಳುತ್ತಿದ್ದಳು. ಅವರಿಗೆ ತಮ್ಮ ಮೈಯ ದಾರಿಗಳು ಅವಳಿಗಿಂತ ಚೆನ್ನಾಗಿ ಗೊತ್ತಿದ್ದವು. ಎಲ್ಲಿ ಎಂದು ಕೇಳಿದರೆ ನಿಜ ಹೇಳುತ್ತಿದ್ದರು.

ತಮ್ಮ ಮಧ್ಯಾಹ್ನ ಬಂದು ಕಿಟಕಿಯ ಪಕ್ಕದ ಬೆಂಚಿನಲ್ಲಿ ಕೂತು ಅವಳ ಎದುರೇ ಮಾತ್ರೆ ನುಂಗುತ್ತಿದ್ದ. ಹತ್ತೊಂಬತ್ತನೆಯ ದಿನ ಮಾತ್ರೆ ನುಂಗಿ, "ಇನ್ನು ಅರವತ್ತೈದು," ಎಂದ. ಎಡಗಾಲಿನ ಊತ ಇಳಿಯುತ್ತಿತ್ತು. ಅವಳು ಫೋನು ಕಿವಿಗಿಟ್ಟುಕೊಂಡೇ ತಲೆಯಾಡಿಸಿದಳು. ಆ ದಿನ ತಮ್ಮನ ಹೆಸರಿದ್ದ ಪುಟಕ್ಕೆ ಬಂದಿದ್ದಳು. ಅವನ ಕೆಳಗಿನ ಸಾಲು ಹೋಟೆಲ್ ಅಡುಗೆಯವನದು.

ಫೋನು ಎತ್ತಿದ್ದು ಒಬ್ಬ ಹೆಂಗಸು. ಕ್ಯಾಲೆಂಡರಕ್ಕ ತಾನು ಯಾರೆಂದು ಹೇಳಿದಳು, ಅವನನ್ನು ಕೇಳಿದಳು.

"ಬಿಟ್ಟ್ಹೋಗಿ ನಾಲ್ಕು ತಿಂಗಳಾಯ್ತಲ್ಲಮ್ಮ," ಎಂದಿತು ಆ ದನಿ.

ಈಚೆಗೆ ಅವಳು ಕಲಿತ ಪ್ರಶ್ನೆ ಅಭ್ಯಾಸಬಲದಿಂದ ಬಾಯಿಗೆ ಬಂದುಬಿಟ್ಟಿತು. "ಏನನ್ನ ಬಿಟ್ರು?"



"ನಮ್ಮನ್ನ."

ಅವಳು ಏನು ಹೇಳಿದಳೋ, ಎಷ್ಟು ಹೊತ್ತು ಕೇಳಿಸಿಕೊಂಡಳೋ, ಫೋನು ಇಟ್ಟಾಗ ಕಿವಿ ಬಿಸಿಯಾಗಿತ್ತು. ರಿಜಿಸ್ಟರಿನಲ್ಲಿ ಅವನ ಸಾಲಿನ ಮುಂದೆ ಅವನು ತೀರಿಕೊಂಡ ತಾರೀಕು ಬರೆದಳು. ಇಪ್ಪತ್ತು ಎಣ್ಣೆಯ ಚುಕ್ಕೆ, ಎರಡು ಸೂಜಿಯವು ಎಂದು ತನ್ನದೇ ಅಕ್ಷರದಲ್ಲಿ ಅಲ್ಲಿ ಬರೆದಿತ್ತು.

"ಯಾರಕ್ಕ?" ಎಂದ ತಮ್ಮ.

"ಸಾಲಲ್ಲಿ ನಿನ್ನ ಹಿಂದೆ ನಿಂತಿದ್ದೋನು."

ಅವನು ಏಳಲು ಹೋಗಿ, ಶೂ ಬಿಗಿಯಾಗಿದೆ ಎಂದು ಮತ್ತೆ ಕೂತು ಲೇಸು ಸಡಿಲಿಸತೊಡಗಿದ. ಕ್ಯಾಲೆಂಡರಕ್ಕ ನೋಡಿದಳು. ಅವನ ಕೈ ಇದ್ದದ್ದು ಬಲಗಾಲಿನ ಶೂ ಮೇಲೆ.

ಅವಳು ಕಿಟಕಿಯ ಪಕ್ಕದ ಬಾಗಿಲು ತೆಗೆದು ಹೊರಗೆ ಬಂದು ಬೆಂಚಿನ ಮುಂದೆ ಕುಕ್ಕರಗಾಲಲ್ಲಿ ಕೂತಳು. ಸಾಕ್ಸ್ ಕೆಳಗೆ ಜಾರಿಸಿದಳು. ಸಾಕ್ಸಿನ ಎಲಾಸ್ಟಿಕ್ ಇದ್ದ ಜಾಗದಲ್ಲಿ ಸುತ್ತಲೂ ಕಾಲುವೆಯ ಹಾಗೆ ಗುರುತು ಬಿದ್ದಿತ್ತು. ಹರಡಿನ ಮೇಲೆ ಹೆಬ್ಬೆರಳಿಟ್ಟು ಒತ್ತಿದಳು, ಐದು ಎಣಿಸಿದಳು, ಬೆರಳು ತೆಗೆದಳು. ಬೆರಳಿದ್ದ ಕಡೆ ಗುಳಿ ಉಳಿದುಕೊಂಡಿತು.

"ತುಂಬ್ತಾ ಇದೆಯಾ?" ಎಂದ ತಮ್ಮ, ಮೇಲಿನಿಂದ ಬಗ್ಗಿ ನೋಡುತ್ತ.

ಅವಳು ಮನಸ್ಸಿನಲ್ಲೇ ಎಣಿಸುತ್ತಿದ್ದಳು. ಇಪ್ಪತ್ತು. ಇಪ್ಪತ್ತೊಂದು.

"ಇನ್ನೂ ಇಲ್ಲ ಪುಟ್ಟ," ಎಂದಳು. "ಏಳಬೇಡ, ಕೂತಿರು. ಡಾಕ್ಟರಮ್ಮನ್ನ ಕರೀತೀನಿ." ಎದ್ದು ಹೋಗುವ ಮೊದಲು ಗುಳಿಯ ಮೇಲೆ ಅಂಗೈ ಮುಚ್ಚಿ ಒಂದು ಕ್ಷಣ ಹಿಡಿದಳು, ಚಿಕ್ಕಂದಿನಲ್ಲಿ ಅವನು ಬಿದ್ದು ಬಂದಾಗ ಹಿಡಿಯುತ್ತಿದ್ದ ಹಾಗೆ.